ಮಕ್ಕಳ ಫಿಟ್ನೆಸ್: ಗೇಟಿನ ಹತ್ತಿರ ಅಪ್ಪ ಅಮ್ಮ ಕೇಳುವ ಪ್ರಶ್ನೆಗಳು, ಒಬ್ಬ ಪಿ.ಟಿ. ಮೇಷ್ಟ್ರ ಉತ್ತರಗಳು

ಪೇರೆಂಟ್ಸ್ ಮೀಟಿಂಗ್ ದಿನ ಗಣಿತದ ಮೇಷ್ಟ್ರ ಮುಂದೆ ಉದ್ದ ಸಾಲಿರುತ್ತದೆ. ನನ್ನ ಮೇಜಿನ ಮುಂದೆ ಯಾರೂ ಇರುವುದಿಲ್ಲ. ಆದರೆ ಮೀಟಿಂಗ್ ಮುಗಿಸಿ ಗೇಟಿನ ಹತ್ತಿರ ಬಂದಾಗ ಒಬ್ಬೊಬ್ಬರೇ ಹಿಡಿದು ನಿಲ್ಲಿಸುತ್ತಾರೆ. "ಸಾರ್, ಒಂದ್ ನಿಮಿಷ..." ಅಂತ ಶುರುವಾಗಿ ಅರ್ಧ ಗಂಟೆ ಹಿಡಿಯುತ್ತದೆ. ಹಾಗೆ ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ಹೈಸ್ಕೂಲ್ ಮಕ್ಕಳ ಬಗ್ಗೆಯೇ ಜಾಸ್ತಿ ಇದೆ. ನನಗೆ ಗೊತ್ತಿರುವುದು ಅವರೇ.

ನನ್ನ ಮಗ ತೆಳ್ಳಗಿದ್ದಾನೆ. ಅಂದ್ರೆ ಫಿಟ್ ಆಗಿದ್ದಾನೆ ತಾನೆ?

ಹಾಗೇನಿಲ್ಲ. ತೆಳ್ಳಗಿರುವುದು ಬೇರೆ, ಗಟ್ಟಿಯಾಗಿರುವುದು ಬೇರೆ. ಫಿಟ್ನೆಸ್ ಅಂದರೆ ಒಂದೇ ವಿಷಯವಲ್ಲ. ದಮ್ಮು ಎಷ್ಟಿದೆ, ಕೈಕಾಲಿನಲ್ಲಿ, ಹೊಟ್ಟೆಯ ಸ್ನಾಯುಗಳಲ್ಲಿ ಬಲ ಎಷ್ಟಿದೆ, ಮೈ ಎಷ್ಟು ಬಾಗುತ್ತದೆ, ಎಷ್ಟು ಜೋರಾಗಿ ಓಡುತ್ತಾನೆ, ಎತ್ತರಕ್ಕೆ ತಕ್ಕ ತೂಕ ಇದೆಯಾ, ಇಷ್ಟೂ ಸೇರುತ್ತವೆ. ಇವುಗಳಲ್ಲಿ ಒಂದನ್ನೇ ಆರಿಸು ಅಂದರೆ ನಾನು ದಮ್ಮನ್ನು ಆರಿಸುತ್ತೇನೆ. ಹೃದಯ, ಶ್ವಾಸಕೋಶ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿವೆ ಅಂತ ಹೇಳುವುದು ಅದೇ.

ತೂಕದ ಯಂತ್ರ ಎಷ್ಟು ಮೋಸ ಮಾಡುತ್ತದೆ ಅನ್ನುವುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಫೋಟೋವನ್ನು ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಕೂಡ 22.3. ಒಂದು ಚೂರೂ ವ್ಯತ್ಯಾಸ ಇಲ್ಲ. ಆದರೆ ಮೈಯಲ್ಲಿದ್ದ ಕೊಬ್ಬು ಅಳೆದರೆ ಲಂಡನ್ ಡಾಕ್ಟರಿಗೆ ಶೇ 9.1, ನಮ್ಮ ಪುಣೆ ಡಾಕ್ಟರಿಗೆ ಶೇ 21.2. ಅವರಿಬ್ಬರೂ ದೊಡ್ಡವರು, ಮಕ್ಕಳಲ್ಲ, ನಿಜ. ಆದರೂ ನಮ್ಮ ಕಡೆಯ ಮೈಕಟ್ಟು ಹೊರಗೆ ಸಣ್ಣ, ಒಳಗೆ ಕೊಬ್ಬು ಅನ್ನುವ ಥರ ಇರಬಹುದು ಅನ್ನುವುದನ್ನು ಮರೆಯಬಾರದು.

ಶಾಲೆಯಲ್ಲಿ ಮಾಡುವ ಫಿಟ್ನೆಸ್ ಟೆಸ್ಟ್ ಅಂದ್ರೆ ಏನೇನು?

ಖೇಲೋ ಇಂಡಿಯಾದವರು ಶಾಲಾ ಮಕ್ಕಳಿಗೆಂದು ಒಂದು ಪಟ್ಟಿ ಮಾಡಿದ್ದಾರೆ. ಇದಕ್ಕೆ 2019ರಲ್ಲಿ ಮೊಬೈಲ್ ಆಪ್ ಕೂಡ ಬಂತು. ಒಂದರಿಂದ ಮೂರನೇ ಕ್ಲಾಸಿನ ಚಿಕ್ಕವರಿಗೆ ಓಟ ಇಲ್ಲ. ಎತ್ತರ, ತೂಕ ನೋಡುತ್ತಾರೆ. ಒಂದೇ ಕಾಲಿನ ಮೇಲೆ ಒಂದು ನಿಮಿಷ ನಿಲ್ಲಿಸಿ, ಎಷ್ಟು ಸಲ ಬ್ಯಾಲೆನ್ಸ್ ತಪ್ಪಿತು ಅಂತ ಎಣಿಸುತ್ತಾರೆ. ಎರಡು ಬಿಲ್ಲೆಗಳನ್ನು ಒಂದಾದ ಮೇಲೊಂದು ಕೈಯಲ್ಲಿ ಮುಟ್ಟಿಸುತ್ತಾರೆ, 25 ಸುತ್ತಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ನೋಡುತ್ತಾರೆ. ಅದಕ್ಕಿಂತ ದೊಡ್ಡವರಿಗೆ 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವುದು, 30 ಸೆಕೆಂಡಿನಲ್ಲಿ ಎಷ್ಟು ಸಲ ಅರ್ಧ ಎದ್ದು ಮಲಗುತ್ತಾರೆ, ಆಮೇಲೆ ಪುಷಪ್. ಹೆಣ್ಣುಮಕ್ಕಳಿಗೆ ಮಂಡಿ ಊರಿ ಮಾಡುವ ಪುಷಪ್.

ಬಾಗುವ ಟೆಸ್ಟಿಗೆ ಒಂದು ಪೆಟ್ಟಿಗೆ ಬೇಕು. ನಮ್ಮೂರ ಬಡಗಿಯ ಹತ್ತಿರ ಹೇಳಿ ಮಾಡಿಸಿದೆ, ಮೇಲೆ ಹೊಲಿಗೆಯ ಟೇಪ್ ಅಂಟಿಸಿದ್ದೇನೆ. ಅದೇ ಸಾಕು.

ಇವುಗಳಲ್ಲಿ ಎಲ್ಲ ಬಯಲಾಗುವುದು 600 ಮೀಟರಿನಲ್ಲಿ. ನಮ್ಮ ಮೈದಾನದಲ್ಲಿ ಸುಣ್ಣದ ಪುಡಿ ಹಾಕಿ 200 ಮೀಟರಿನ ಟ್ರ್ಯಾಕ್ ಎಳೆಯುತ್ತೇನೆ. ಮೂರು ಸುತ್ತು. ವಿಷಲ್ ಊದಿದ ತಕ್ಷಣ ಎಲ್ಲರೂ ಉಸೇನ್ ಬೋಲ್ಟ್. ಮೊದಲ ಸುತ್ತಿನ ಅರ್ಧಕ್ಕೆ ಚಪ್ಪಲಿ ಕೈಗೆ ಬಂದಿರುತ್ತದೆ. ಎರಡನೇ ಸುತ್ತಿನಲ್ಲಿ ಧ್ವಜದ ಕಂಬದ ಹತ್ತಿರ ಬರುವಷ್ಟರಲ್ಲಿ ಕೆಲವರು ಸೊಂಟಕ್ಕೆ ಕೈ ಕೊಟ್ಟು ನಡೆಯುತ್ತಿರುತ್ತಾರೆ, ಒಬ್ಬಿಬ್ಬರು ಶೂ ಲೇಸ್ ಕಟ್ಟಿಕೊಳ್ಳುವ ನೆಪದಲ್ಲಿ ಕೂತಿರುತ್ತಾರೆ. ಆ ಲೇಸ್ ಬಿಚ್ಚಿರುವುದೇ ಇಲ್ಲ! ಮೂರನೇ ಸುತ್ತನ್ನು ಒಂದೇ ಸಮನೆ ಓಡಿ ಮುಗಿಸುವವರು ಯಾರು ಅಂತ ನೋಡಿದರೆ, ಬಹಳ ಸಲ ಅವರು ಶಾಲೆಯ ಟೀಮಿನವರಲ್ಲ. ದಿನಾ ಸೈಕಲ್ ತುಳಿದುಕೊಂಡೋ ನಡೆದುಕೊಂಡೋ ಬರುವವರು.

ಮುಂಚಿನ ಮಕ್ಕಳು ಇವರಿಗಿಂತ ಗಟ್ಟಿ ಇದ್ದರು ಅನ್ನೋದು ನಿಜವಾ? ಇಲ್ಲಾ ವಯಸ್ಸಾದವರ ಮಾತಾ?

"ನಮ್ ಕಾಲದಲ್ಲಿ" ಅನ್ನುವ ಮಾತಲ್ಲಿ ಮುಕ್ಕಾಲು ಪಾಲು ಬಡಾಯಿ ಇರುತ್ತದೆ. ಆದರೆ ದಮ್ಮಿನ ವಿಷಯದಲ್ಲಿ ಅಜ್ಜಂದಿರೇ ಸರಿ. ಆಸ್ಟ್ರೇಲಿಯಾದ ಗ್ರಾಂಟ್ ಟಾಮ್ಕಿನ್ಸನ್ ಮತ್ತು ಜೊತೆಯವರು 28 ದೇಶಗಳ 9ರಿಂದ 17 ವರ್ಷದ ಸುಮಾರು ಎರಡೂವರೆ ಕೋಟಿ ಮಕ್ಕಳ ಓಟದ ಲೆಕ್ಕ ಒಟ್ಟುಗೂಡಿಸಿದರು. 1964ರಿಂದ 2010ರವರೆಗಿನ ಲೆಕ್ಕ ಅದು. 2013ರಲ್ಲಿ ಅವರು ಹೇಳಿದ್ದೇನೆಂದರೆ, 30 ವರ್ಷ ಹಿಂದಿನ ಮಕ್ಕಳಿಗಿಂತ ಈಗಿನವರು ಒಂದು ಮೈಲಿ ಓಡಲು ಸುಮಾರು ಒಂದೂವರೆ ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತಾರೆ. ಒಂದು ಮೈಲಿ ಅಂದರೆ 1.6 ಕಿಲೋಮೀಟರ್. ಅಷ್ಟು ದೂರಕ್ಕೆ ಒಂದೂವರೆ ನಿಮಿಷ ಸಣ್ಣದಲ್ಲ.

ನನಗೆ ಹೊಟ್ಟೆಕಿಚ್ಚು ಬರುವುದು ಸ್ಲೊವೇನಿಯಾ ನೋಡಿದಾಗ. ಯುರೋಪಿನ ಪುಟ್ಟ ದೇಶ, ಜನಸಂಖ್ಯೆ ಬರೀ 20 ಲಕ್ಷದಷ್ಟು. 1980ರ ದಶಕದಿಂದ ಅಲ್ಲಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ಶಾಲಾ ಮಕ್ಕಳ ಫಿಟ್ನೆಸ್ ಅಳೆಯುತ್ತಾರೆ. ಅದರಲ್ಲೂ 600 ಮೀಟರ್ ಓಟ ಇದೆ. ಹೀಗೆ ವರ್ಷ ವರ್ಷ ಬರೆದಿಟ್ಟಿದ್ದರಿಂದಲೇ, 2020ರಲ್ಲಿ ಕೊರೊನಾಗೆ ಎರಡು ತಿಂಗಳು ಶಾಲೆ ಮುಚ್ಚಿದಾಗ ಮಕ್ಕಳ ಫಿಟ್ನೆಸ್ ಎಷ್ಟು ಕುಸಿಯಿತು ಅಂತ ಅವರಿಗೆ ಗೊತ್ತಾಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಷ್ಟಪಟ್ಟು ಗಳಿಸಿದ್ದು ಎರಡು ತಿಂಗಳಲ್ಲಿ ಹೋಯಿತು. ನಮ್ಮಲ್ಲಿ ಶಾಲೆಗಳು ಅದಕ್ಕಿಂತ ಎಷ್ಟೋ ಹೆಚ್ಚು ಕಾಲ ಮುಚ್ಚಿದ್ದವು, ಅಲ್ವಾ?

ದಿನಕ್ಕೆ ಎಷ್ಟು ಹೊತ್ತು ಆಡಬೇಕು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ. ಸುಮ್ನೆ ಅಡ್ಡಾಡುವುದಲ್ಲ, ಉಸಿರು ಜೋರಾಗುವಂಥ ಆಟ. ಆಡುತ್ತಾ ಮಾತಾಡಬಹುದು, ಆದರೆ ಹಾಡಲು ಆಗುವುದಿಲ್ಲ ಅನ್ನುವಷ್ಟು. ವಾರದಲ್ಲಿ ಮೂರು ದಿನವಾದರೂ ಏದುಸಿರು ಬರುವ ಆಟ ಮತ್ತು ಮೂಳೆ, ಸ್ನಾಯು ಗಟ್ಟಿ ಮಾಡುವ ಜಿಗಿತ, ಹತ್ತುವುದು, ಎಳೆಯುವುದು ಇರಬೇಕು. 2016ರವರೆಗಿನ ಲೆಕ್ಕದಂತೆ ಜಗತ್ತಿನಲ್ಲಿ 11ರಿಂದ 17 ವರ್ಷದವರಲ್ಲಿ ಶೇ 81 ಮಂದಿ ಇಷ್ಟು ಆಡುತ್ತಿಲ್ಲ. ಭಾರತದಲ್ಲಿ ನಾಲ್ವರಲ್ಲಿ ಸುಮಾರು ಮೂವರು.

60 ನಿಮಿಷ ಒಂದೇ ಸಲ ಆಗಬೇಕೆಂದಿಲ್ಲ. ಬೆಳಿಗ್ಗೆ ಸೈಕಲ್ 15 ನಿಮಿಷ, ಇಂಟರ್ವಲ್ಲಿನಲ್ಲಿ ಮುಟ್ಟಾಟ 15, ಸಂಜೆ ಬೀದಿಯಲ್ಲಿ ಅರ್ಧ ಗಂಟೆ. ಮುಗೀತು.

ಸಂಜೆ ಎಲ್ಲಾ ಕ್ರಿಕೆಟ್ ಆಡ್ತಾನೆ ಸಾರ್, ಅದು ಸಾಕಲ್ವಾ?

ಒಂದು ದಿನ ಸುಮ್ನೆ ಕುತೂಹಲಕ್ಕೆ ಸ್ಟಾಪ್‌ವಾಚ್ ಹಿಡಿದು ಒಬ್ಬ ಹುಡುಗನನ್ನೇ ನೋಡುತ್ತಾ ನಿಂತೆ. ಎಂಟನೇ ಕ್ಲಾಸಿನವನು, ಬೌಂಡರಿ ಹತ್ತಿರ ಫೀಲ್ಡಿಂಗ್. 40 ನಿಮಿಷದ ಪೀರಿಯಡ್ಡು. ಸಾಲು ನಿಲ್ಲಿಸಿ, ಟೀಮ್ ಹಂಚಿ, ಬ್ಯಾಟ್ ಯಾರು ಮೊದಲು ಅಂತ ಜಗಳ ಮುಗಿಯುವಾಗ 11 ನಿಮಿಷ ಹೋಗಿತ್ತು. ಉಳಿದ ಹೊತ್ತಿನಲ್ಲಿ ಅವನು ಓಡಿದ್ದು ಒಟ್ಟು ನಾಲ್ಕು ನಿಮಿಷಕ್ಕಿಂತ ಕಡಿಮೆ. ಬ್ಯಾಟಿಂಗ್ ಸಿಗಲೇ ಇಲ್ಲ. ತಪ್ಪು ಅವನದಲ್ಲ, ನನ್ನದು. ಆವತ್ತಿನಿಂದ ಪೀರಿಯಡ್ಡಿನಲ್ಲಿ ಕ್ರಿಕೆಟ್ ಕಡಿಮೆ ಮಾಡಿದೆ. ಹುಡುಗರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು.

ಕ್ರಿಕೆಟ್ ಕೆಟ್ಟದ್ದಲ್ಲ. ಬೌಲರಿಗೂ ಬ್ಯಾಟ್ಸ್‌ಮನ್ನಿಗೂ ಒಳ್ಳೆಯ ವ್ಯಾಯಾಮವೇ. ಟೀಮ್ ಇಂಡಿಯಾದವರಿಗೇ ದಮ್ಮು ಅಳೆಯುವ ಯೋಯೋ ಅನ್ನುವ ಓಟದ ಟೆಸ್ಟ್ ಇಟ್ಟಿದ್ದು ನೆನಪಿರಬೇಕಲ್ಲ? ಬರೀ ಆಟ ಆಡಿದರೆ ದಮ್ಮು ಬರುತ್ತದೆ ಅಂತಿದ್ದರೆ ಆ ಟೆಸ್ಟ್ ಯಾಕೆ ಬೇಕಿತ್ತು?

ಇನ್ನು ನಮ್ಮ ಹಳೆಯ ಆಟಗಳನ್ನು ನೋಡಿ. ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಲ್ಲಿ ಕುಪ್ಪಳಿಸಬೇಕು. ಮೂಳೆಗೂ ಬ್ಯಾಲೆನ್ಸಿಗೂ ಅದಕ್ಕಿಂತ ಬೇಕಾ? ಲಗೋರಿಯಲ್ಲಿ ಎಸೆಯುವುದು, ಓಡುವುದು, ಬಗ್ಗಿ ಕಲ್ಲು ಜೋಡಿಸುವುದು, ಮತ್ತೆ ಓಡುವುದು. ಮರಕೋತಿಯಾಟದಲ್ಲಿ ತೋಳಿಗೆ ಸಿಗುವ ಬಲ ಯಾವ ಪುಷಪ್ಪಿಗೂ ಕಡಿಮೆ ಇಲ್ಲ, ಮರ ಒಂದು ಇರಬೇಕು ಅಷ್ಟೆ. ಖೊಖೊ, ಕಬಡ್ಡಿಯಲ್ಲಿ ಆಟ ಚುರುಕಾಗಿ ಸಾಗುವುದರಿಂದ ಮೈಗಳ್ಳತನ ಮಾಡುವುದು ಕಷ್ಟ.

ಮಗಳು ಏಳನೇ ಕ್ಲಾಸಿನವರೆಗೆ ಚೆನ್ನಾಗಿ ಆಡ್ತಿದ್ಲು. ಈಗ ಮೈದಾನಕ್ಕೇ ಇಳಿಯಲ್ಲ. ಯಾಕೆ?

ಈ ಪ್ರಶ್ನೆ ಕೇಳುವುದು ಯಾವಾಗಲೂ ಅಮ್ಮಂದಿರೇ. ಅಪ್ಪಂದಿರು ಇದನ್ನು ಗಮನಿಸುವುದೂ ಕಡಿಮೆ.

ಕಾರಣ ಸೋಮಾರಿತನವಲ್ಲ. ಮೈ ಬದಲಾಗುತ್ತಿರುತ್ತದೆ, ಹುಡುಗರು ನೋಡುತ್ತಾರೆ ಅನ್ನುವ ಮುಜುಗರ. ಚೂಡಿದಾರ್ ಮೇಲೆ ವೇಲ್ ಪಿನ್ ಹಾಕಿಕೊಂಡು ಓಡುವುದು ಹೇಗೆ? ಮುಟ್ಟಿನ ದಿನ ಕಲೆಯಾದರೆ ಅನ್ನುವ ಭಯ. ಟಾಯ್ಲೆಟ್ಟಿನಲ್ಲಿ ನೀರಿಲ್ಲ. ಮನೆಗೆ ಹೋದರೆ ಪಾತ್ರೆ, ನೀರು, ತಮ್ಮನ ಹೋಂವರ್ಕ್. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಲೆಕ್ಕದಲ್ಲಿ ಭಾರತ, ಬಾಂಗ್ಲಾದೇಶದ ಹುಡುಗಿಯರು ಬೇರೆ ದೇಶದವರಿಗಿಂತ ಸ್ವಲ್ಪ ವಾಸಿ ಅಂತ ಬಂದಿತ್ತು. ಅದಕ್ಕೆ ಮನೆಗೆಲಸ ಕಾರಣ ಇರಬಹುದು ಅಂತಲೂ ಬರೆದಿದ್ದರು. ಓದಿ ಖುಷಿ ಪಡಬೇಕೋ ಬೇಜಾರಾಗಬೇಕೋ ತಿಳಿಯಲಿಲ್ಲ. ಕಸ ಗುಡಿಸುವುದೂ ಚಲನೆಯೇ, ಆದರೆ ಆಟ ಅಲ್ಲವಲ್ಲ.

ಮುಟ್ಟಿನ ದಿನ ಆಡಬಾರದು ಅಂತೇನೂ ಇಲ್ಲ. ಹೊಟ್ಟೆನೋವು ಜಾಸ್ತಿ ಇದ್ದರೆ ಕೂತುಕೊಳ್ಳಲಿ, ಇಲ್ಲದಿದ್ದರೆ ಓಡಲಿ. ಒಳಗೆ ಬಿಗಿಯಾದ ಸ್ಪೋರ್ಟ್ಸ್ ಬ್ರಾ, ಒಂದು ಟ್ರ್ಯಾಕ್ ಪ್ಯಾಂಟ್ ಕೊಡಿಸಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ.

ನಾನು ಮಾಡಿದ್ದು ಇಷ್ಟೇ. ಮಂಗಳವಾರ, ಗುರುವಾರ ಇಡೀ ಮೈದಾನ ಹುಡುಗಿಯರಿಗೆ, ಹುಡುಗರಿಗೆ ಪ್ರವೇಶ ಇಲ್ಲ. ಮೊದಲ ವಾರ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆದರು. ಎರಡನೇ ವಾರ ಇಬ್ಬರು ಸ್ಕಿಪ್ಪಿಂಗ್ ಹಗ್ಗ ತೆಗೆದರು. ಮೂರನೇ ವಾರ ಖೊಖೊ ಕಂಬ ನೆಡಿ ಅಂತ ಅವರೇ ಕೇಳಿದರು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ನಡೆದು ಭಾರತದ ಹೆಣ್ಣುಮಕ್ಕಳು ಗೆದ್ದರಲ್ಲ, ಆ ತಂಡದಲ್ಲಿ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಹಳ್ಳಿಯ ಹುಡುಗಿ ಅನ್ನುವುದೇ ನಮ್ಮ ಮಕ್ಕಳಿಗೆ ದೊಡ್ಡ ಧೈರ್ಯ.

ಈ ವರ್ಷ ಎಸ್ಸೆಸ್ಸೆಲ್ಸಿ. ಒಂದು ವರ್ಷ ಆಟ ನಿಲ್ಲಿಸಿದ್ರೆ ಏನಾಗುತ್ತೆ?

ಒಂದು ವರ್ಷ ಅಂತ ನಿಲ್ಲಿಸಿದ್ದು ಪಿಯುಸಿಗೆ ಎರಡು ವರ್ಷ ಆಗುತ್ತದೆ, ನೀಟ್, ಸಿಇಟಿ ಅಂತ ಇನ್ನೂ ಎಳೆಯುತ್ತದೆ. ನಿಲ್ಲಿಸಿದ ದಮ್ಮು ಕೆಲವೇ ವಾರದಲ್ಲಿ ಇಳಿಯಲು ಶುರುವಾಗುತ್ತದೆ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಜೊತೆಯವರು 2009ರಲ್ಲಿ ಒಂಬತ್ತು ವರ್ಷದ ಆಸುಪಾಸಿನ 20 ಮಕ್ಕಳನ್ನು ಒಂದು ದಿನ 20 ನಿಮಿಷ ನಡೆಸಿ, ಇನ್ನೊಂದು ದಿನ ಸುಮ್ನೆ ಕೂರಿಸಿ ಪರೀಕ್ಷೆ ಕೊಟ್ಟರು. ನಡೆದ ದಿನವೇ ಗಮನ ಚೆನ್ನಾಗಿತ್ತು, ಓದಿದ್ದು ಅರ್ಥವಾಗುವುದೂ ಚೆನ್ನಾಗಿತ್ತು. ಸಣ್ಣ ಪ್ರಯೋಗ, ಅದರ ಮೇಲೆ ದೊಡ್ಡ ಮನೆ ಕಟ್ಟಬಾರದು. ಆದರೆ ಆಟಕ್ಕೆ ಬಿಟ್ಟರೆ ಮಾರ್ಕ್ಸ್ ಹೋಗುತ್ತದೆ ಅನ್ನುವುದಕ್ಕೆ ನನಗಂತೂ ಇಲ್ಲಿವರೆಗೆ ಪುರಾವೆ ಸಿಕ್ಕಿಲ್ಲ. ಜನವರಿ ಬಂದ ತಕ್ಷಣ ನನ್ನ ಪೀರಿಯಡ್ಡನ್ನು ಗಣಿತಕ್ಕೆ ಕೇಳಿಕೊಂಡು ಬರುವ ಸಹೋದ್ಯೋಗಿಗಳಿಗೂ ಇದನ್ನೇ ಹೇಳುತ್ತೇನೆ. ಕೊಟ್ಟಿದ್ದೂ ಉಂಟು, ಸುಳ್ಳು ಯಾಕೆ ಹೇಳಲಿ.

ದಪ್ಪ ಇರೋ ಮಗುವನ್ನ ಎಲ್ಲರ ಮುಂದೆ ಓಡಿಸೋದು ಸರಿಯಾ?

ಓಡಿಸುವುದು ಸರಿ. ಎಲ್ಲರ ಮುಂದೆ ಟೈಮ್ ಕೂಗಿ ಹೇಳುವುದು ಸರಿಯಲ್ಲ.

ಅಮೆರಿಕದಲ್ಲಿ ಅಧ್ಯಕ್ಷರ ಹೆಸರಿನ ಒಂದು ಫಿಟ್ನೆಸ್ ಟೆಸ್ಟ್ ಇತ್ತು. ಮೊದಲ ಶೇ 15ರೊಳಗೆ ಬಂದವರಿಗೆ ಪ್ರಶಸ್ತಿ. ಕಂಬಿ ಹಿಡಿದು ಒಂದು ಸಲವೂ ಮೇಲೇರಲಾಗದೆ ಇಡೀ ಕ್ಲಾಸಿನ ಮುಂದೆ ನೇತಾಡಿದವರು ಅದನ್ನು ಮುದುಕರಾದರೂ ಮರೆತಿಲ್ಲ. ಕೊನೆಗೆ 2012-13ರ ಹೊತ್ತಿಗೆ ಅದನ್ನು ಕೈಬಿಟ್ಟು, ಆರೋಗ್ಯಕ್ಕೆ ಎಷ್ಟು ಬೇಕೋ ಅಷ್ಟು ಇದೆಯಾ ಅಂತ ನೋಡುವ ಬೇರೆ ಪದ್ಧತಿ ತಂದರು. 2025ರ ಜುಲೈನಲ್ಲಿ ಟ್ರಂಪ್ ಹಳೆಯ ಟೆಸ್ಟನ್ನು ವಾಪಸ್ ತರುವ ಆದೇಶಕ್ಕೆ ಸಹಿ ಹಾಕಿದರು. ಅವರವರ ಇಷ್ಟ.

ನನ್ನ ರಿಜಿಸ್ಟರಿನಲ್ಲಿ ರ‍್ಯಾಂಕ್ ಕಾಲಂ ಇಲ್ಲ. ಜೂನ್, ನವೆಂಬರ್, ಫೆಬ್ರವರಿ ಅಂತ ಮೂರು ಕಾಲಂ ಇವೆ. ಜೂನ್‌ನಲ್ಲಿ ಒಂದು ಸುತ್ತು ಓಡಿ ಎರಡು ಸುತ್ತು ನಡೆದವನು ನವೆಂಬರ್‌ನಲ್ಲಿ ಎರಡು ಸುತ್ತು ಓಡಿದರೆ ಅವನ ಹೆಸರಿನ ಮುಂದೆ ಒಂದು ಟಿಕ್. ಟೀಮಿಗೆ ಆಯ್ಕೆಯಾಗುವ ಹದಿನೈದು ಮಕ್ಕಳು ನಾನಿಲ್ಲದಿದ್ದರೂ ಆಡುತ್ತಾರೆ. ನನ್ನ ಕೆಲಸ ಇರುವುದು ಉಳಿದ ಮಕ್ಕಳ ಜೊತೆ, ಯಾರೂ ತಮ್ಮ ಟೀಮಿಗೆ ಕರೆಯದವರ ಜೊತೆ. ಇಲಾಖೆಯವರು ಕೇಳುವುದು ಮಾತ್ರ ಕ್ರೀಡಾಕೂಟದಲ್ಲಿ ಎಷ್ಟು ಕಪ್ ಬಂತು ಅಂತ.

ಸ್ವಲ್ಪ ಓಡಿದ್ರೂ ಸುಸ್ತು ಅಂತಾಳೆ. ನಾಟಕನಾ?

ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ 59 ಮಂದಿಗೆ ರಕ್ತಹೀನತೆ. ಹುಡುಗರಲ್ಲೂ ಶೇ 31. ರಕ್ತದಲ್ಲಿ ಹಿಮೋಗ್ಲೋಬಿನ್ ಇಲ್ಲದಿದ್ದರೆ ಆಮ್ಲಜನಕ ಸ್ನಾಯುವಿಗೆ ಹೋಗುವುದು ಹೇಗೆ? ಎಷ್ಟು ಟ್ರೈನಿಂಗ್ ಕೊಟ್ಟರೂ ದಂಡ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ ಇದೆಯಲ್ಲ, ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ, ಅದನ್ನು ಕಿಟಕಿಯಿಂದ ಆಚೆ ಎಸೆಯುವವರು ಬಹಳ. ಹೊಟ್ಟೆ ತೊಳಸುತ್ತದೆ ಅನ್ನುತ್ತಾರೆ. ಊಟ ಆದ ಮೇಲೆ ತೆಗೆದುಕೊಂಡರೆ ಅಷ್ಟು ತೊಳಸುವುದಿಲ್ಲ. ಟೀ, ಹಾಲಿನ ಜೊತೆ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಜಂತುಹುಳುವಿನ ಮಾತ್ರೆಯನ್ನೂ ತಪ್ಪಿಸಬೇಡಿ. ಇನ್ನು 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ಸರ್ಕಾರಿ ಶಾಲೆಗಳಲ್ಲಿ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಅಥವಾ ಚಿಕ್ಕಿ. ನನ್ನ ಪಾಲಿಗೆ ಇದು ಹೊಸ ಫುಟ್‌ಬಾಲ್ ಕೊಟ್ಟಿದ್ದಕ್ಕಿಂತ ದೊಡ್ಡ ಸಹಾಯ.

ಒಂಬತ್ತನೇ ಕ್ಲಾಸಿಗೇ ಜಿಮ್ ಸೇರಿಸಿ ಅಂತಾನೆ. ಎತ್ತರ ನಿಂತು ಹೋಗಲ್ವಾ?

ನಿಲ್ಲುವುದಿಲ್ಲ. ಸರಿಯಾಗಿ ಹೇಳಿಕೊಡುವವರಿದ್ದು, ಹಗುರ ತೂಕದಿಂದ ಶುರು ಮಾಡಿದರೆ ತೊಂದರೆ ಇಲ್ಲ. ಗೆಳೆಯರ ಮುಂದೆ ಶೋ ಹೊಡೆಯಲು ಭಾರ ಎತ್ತಿದರೆ ಬೆನ್ನು ಹೋಗುತ್ತದೆ, ಎತ್ತರ ಅಲ್ಲ. ಹಾಗೇ ಕಂಬಿಗೆ ನೇತಾಡಿದರೆ ಎತ್ತರ ಬೆಳೆಯುವುದೂ ಇಲ್ಲ. ಪ್ರೋಟೀನ್ ಪುಡಿ ಬೇಡ. ಆ ದುಡ್ಡಿಗೆ ಕಡಲೆಕಾಯಿ, ಮೊಟ್ಟೆ, ಹೆಸರುಕಾಳು ಎಷ್ಟು ಬರುತ್ತದೆ ಲೆಕ್ಕ ಹಾಕಿ.

ಓಡುವಾಗ ಹೃದಯಕ್ಕೆ ಏನಾದ್ರೂ ಆದ್ರೆ?

2021ರ ಅಕ್ಟೋಬರ್‌ನಲ್ಲಿ ಅಪ್ಪು ತೀರಿಕೊಂಡ ಮೇಲೆ ಈ ಪ್ರಶ್ನೆ ಒಮ್ಮೆಲೇ ಜಾಸ್ತಿಯಾಯಿತು. ಆಗ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಸಾಲು ನಿಂತಿದ್ದನ್ನು ಎಲ್ಲರೂ ನೋಡಿದ್ದೇವೆ. ಮಕ್ಕಳಲ್ಲಿ ಇಂಥದ್ದು ತೀರಾ ಅಪರೂಪ. ಆದರೆ ಓಡುವಾಗಲೇ ಕಣ್ಣು ಕತ್ತಲೆ ಬಂದು ಬಿದ್ದರೆ, ಎದೆ ನೋವು ಅಂದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ದಿಢೀರ್ ತೀರಿಕೊಂಡಿದ್ದರೆ, ಡಾಕ್ಟರಿಗೆ ತೋರಿಸದೆ ಓಡಿಸಬೇಡಿ. ಇದನ್ನು ನನಗೂ ಹೇಳಿ, ಮುಚ್ಚಿಡಬೇಡಿ. ಉಬ್ಬಸ ಇರುವ ಮಕ್ಕಳು ಆಡಬಹುದು, ಇನ್ಹೇಲರ್ ಬ್ಯಾಗಿನಲ್ಲಲ್ಲ, ಜೇಬಿನಲ್ಲಿ ಇರಲಿ.

ಶಾಲೆಗೆ ಮೈದಾನವೇ ಇಲ್ಲ. ಏನ್ ಮಾಡೋದು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲಿ ಆಟದ ಮೈದಾನ ಇರಲೇಬೇಕು ಅಂತ ಬರೆದಿದೆ. ಕಾಗದದಲ್ಲಿ. ನಾನು ಮೊದಲು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮೈದಾನ ಇತ್ತು, ಅದರಲ್ಲಿ ಬಸ್ಸು ನಿಲ್ಲಿಸುತ್ತಿದ್ದರು. ಎರಡು ಬಸ್ಸಿನ ನಡುವೆ ಖೊಖೊ ಆಡಿಸಿದ್ದೇನೆ. ಒಂದು ಹುಡುಗಿಯ ಮೊಣಕೈ ಬಂಪರಿಗೆ ತಾಗಿ ಕಿತ್ತುಹೋದ ಮೇಲೆ ಬಸ್ಸು ಆಚೆ ಹೋಗಲಿಲ್ಲ, ಖೊಖೊ ನಿಂತಿತು. ಆಮೇಲೆ ಸ್ಕಿಪ್ಪಿಂಗ್ ಹಗ್ಗ ತಂದೆ. ಒಬ್ಬೊಬ್ಬರಿಗೆ ಒಂದು ಚಾಪೆಯಷ್ಟು ಜಾಗ ಸಾಕು, ಐದು ನಿಮಿಷಕ್ಕೆ ಬೆವರು ಇಳಿಯುತ್ತದೆ. ಮಳೆಗಾಲದಲ್ಲಿ ಮಲೆನಾಡಿನ ಕಡೆ, ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಕಡೆಯ ಮೇಷ್ಟ್ರುಗಳಿಗೂ ಹಗ್ಗವೇ ಗತಿ. ಸುಡುಬಿಸಿಲಿನಲ್ಲಿ ಮಧ್ಯಾಹ್ನದ ಪೀರಿಯಡ್ ಓಡಿಸುವುದು ಬೇಡವೇ ಬೇಡ.

ಮನೆಯಲ್ಲೇ ಅಳೆಯೋದು ಹೇಗೆ?

600 ಮೀಟರ್ ಅಳೆಯಿರಿ. ಮೊಬೈಲ್ ಮ್ಯಾಪ್ ಸಾಕು, ಗಾಡಿ ಓಡಾಡದ ರಸ್ತೆ ಅಥವಾ ಪಾರ್ಕ್ ಆಗಲಿ. ಬೆಳಿಗ್ಗೆ, ಹೊಟ್ಟೆ ತುಂಬಿರದ ಹೊತ್ತಿಗೆ ಐದು ನಿಮಿಷ ಮೈ ಸಡಿಲ ಮಾಡಿ ಓಡಲಿ. ಮೊದಲೇ ಜೋರಾಗಿ ಓಡಬೇಡ ಅಂತ ಹೇಳಿ, ಕೇಳುವುದಿಲ್ಲ, ಆದರೂ ಹೇಳಿ. ಟೈಮನ್ನು ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲೇ ಬರೆಯಿರಿ, ಹಾಲಿನ ಲೆಕ್ಕದ ಪಕ್ಕದಲ್ಲಿ. ಮೂರು ತಿಂಗಳಾದ ಮೇಲೆ ಅದೇ ರಸ್ತೆ, ಅದೇ ಹೊತ್ತು. ಪಕ್ಕದ ಮನೆ ಹುಡುಗನ ಟೈಮ್ ಕೇಳಬೇಡಿ. ನಿಮ್ಮ ಟೈಮ್ ಎಷ್ಟು ಅಂತ ಮಗ ಕೇಳಿದರೆ ಮಾತ್ರ, ಶೂ ಹಾಕಿಕೊಂಡು ನೀವೂ ಓಡಬೇಕಾಗುತ್ತದೆ.